ಎಳ್ಳಿನ ಹೂರಣದ ಟಾಂಗ್‌ಯುವಾನ್: ಹಿಟ್ಟು ಆರಿಸುವುದರಿಂದ ಬಟ್ಟಲಿಗೆ ಬಡಿಸುವವರೆಗೆ

ಟಾಂಗ್‌ಯುವಾನ್ ಅಂದರೆ ಅಂಟಕ್ಕಿ ಹಿಟ್ಟಿನ ಉಂಡೆ, ಒಳಗೆ ಸಿಹಿ ಹೂರಣ. ಇದನ್ನು ಕರಿಯುವುದಿಲ್ಲ, ಹಬೆಯಲ್ಲೂ ಇಡುವುದಿಲ್ಲ. ಸೀದಾ ಕುದಿಯುವ ನೀರಿಗೆ ಬಿಡುತ್ತಾರೆ. ಬೆಂದು ತೇಲಿದ ಮೇಲೆ ಬಿಸಿ ನೀರಿನ ಸಮೇತ ಬಟ್ಟಲಿಗೆ ಹಾಕಿ ಕೊಡುತ್ತಾರೆ. ಚಮಚದಲ್ಲಿ ಎತ್ತಿ ಕಚ್ಚಿದರೆ ಬೆಳ್ಳಗಿನ ಮೆತ್ತನೆ ಕಣಕದೊಳಗಿಂದ ಕರಿ ಎಳ್ಳಿನ ಹೂರಣ ಕರಗಿ ಹರಿಯಬೇಕು. ಹರಿಯಲಿಲ್ಲ ಅಂದರೆ ಎಲ್ಲೋ ಏನೋ ತಪ್ಪಿದೆ ಅಂತಲೇ ಅರ್ಥ.

ಚೀನಾದಲ್ಲಿ ಇದು ಹುಣ್ಣಿಮೆಯ ತಿಂಡಿ. ಅವರ ವರ್ಷದ ಮೊದಲ ತಿಂಗಳ ಹದಿನೈದನೇ ದಿನ ಲಾಟೀನು ಹಬ್ಬ. 2025ರಲ್ಲಿ ಅದು ಫೆಬ್ರವರಿ 12ಕ್ಕೆ ಬಿತ್ತು, ನಮ್ಮ ಭಾರತ ಹುಣ್ಣಿಮೆಯೂ ಅವತ್ತೇ ಇತ್ತು. ದಕ್ಷಿಣ ಚೀನಾದ ಬಹಳ ಕಡೆ ಡಿಸೆಂಬರ್ 21-22ರ ಹೊತ್ತಿಗೆ ಬರುವ ಡಾಂಗ್‌ಝಿ ದಿನವೂ ಮನೆಮಂದಿ ಸೇರಿ ಇದನ್ನು ತಿನ್ನುತ್ತಾರೆ. ವರ್ಷದಲ್ಲಿ ಹಗಲು ಅತಿ ಚಿಕ್ಕದಾಗಿರುವ ದಿನ ಅದು. ಉತ್ತರದ ಕಡೆ ಇದಕ್ಕೊಬ್ಬ ದಾಯಾದಿ ಇದ್ದಾನೆ, ಯುವಾನ್‌ಶಿಯಾವ್ ಅಂತ. ಅದರಲ್ಲಿ ತುಂಬುವ ಕೆಲಸವೇ ಇಲ್ಲ. ಗಟ್ಟಿ ಹೂರಣದ ತುಂಡುಗಳನ್ನು ನೀರಿಗೆ ಅದ್ದಿ, ಒಣ ಹಿಟ್ಟು ಹರಡಿದ ಬುಟ್ಟಿಯಲ್ಲಿ ಹಾಕಿ ಅಲ್ಲಾಡಿಸುತ್ತಾರೆ. ಮತ್ತೆ ಅದ್ದುತ್ತಾರೆ, ಮತ್ತೆ ಉರುಳಿಸುತ್ತಾರೆ. ಹಿಟ್ಟು ಪದರ ಪದರವಾಗಿ ಮೆತ್ತಿಕೊಂಡು ಉಂಡೆ ಬೆಳೆಯುತ್ತದೆ. ನೋಡಲು ಚೆಂದ. ಮನೆಯಲ್ಲಿ ಮಾಡಲು ಹೋದರೆ ಅಡುಗೆಮನೆಯೆಲ್ಲ ಹಿಟ್ಟು.

ಹಾಗಾಗಿ ಇಲ್ಲಿ ಹೇಳುವುದು ಕೈಯಲ್ಲಿ ತುಂಬುವ ಟಾಂಗ್‌ಯುವಾನ್. ಅದರಲ್ಲೂ ಪೂರ್ವ ಕರಾವಳಿಯ ಝೆಜಿಯಾಂಗ್ ಪ್ರಾಂತ್ಯದ ನಿಂಗ್‌ಬೋ ಊರಿನ ರೀತಿ. ಕರಿ ಎಳ್ಳು, ಸಕ್ಕರೆ, ಹಂದಿ ಕೊಬ್ಬು, ಇಷ್ಟೇ ಅಲ್ಲಿನ ಹೂರಣ. ಕೊಬ್ಬಿನ ಜಾಗಕ್ಕೆ ನಾವು ತುಪ್ಪ ಹಾಕೋಣ.

ಗಣೇಶನ ಹಬ್ಬಕ್ಕೆ ಕಡುಬು ಮಾಡಿ ಅಭ್ಯಾಸ ಇರುವ ಕೈಗೆ ಟಾಂಗ್‌ಯುವಾನ್ ಅರ್ಧ ಗೊತ್ತೇ ಇರುತ್ತದೆ. ಬಟ್ಟಲಿನ ಹಾಗೆ ತಟ್ಟಿಕೊಳ್ಳುವುದು, ಹೂರಣ ಇಟ್ಟು ಅಂಚು ಎಳೆದು ಮುಚ್ಚುವುದು, ಬಿರುಕು ಬಿಡದ ಹಾಗೆ ನೋಡಿಕೊಳ್ಳುವುದು, ಇದೆಲ್ಲ ಅದೇ. ತೊಂದರೆ ಆಗುವುದು ಉಳಿದರ್ಧದಲ್ಲಿ. ಕಡುಬಿನ ಮೂರು ರೂಢಿಗಳನ್ನು ಇಲ್ಲಿ ಬಿಡಬೇಕು: ಮನೆಯಲ್ಲಿರುವ ಅಕ್ಕಿ ಹಿಟ್ಟು, ಹಿಟ್ಟನ್ನು ಪೂರ್ತಿ ಬೇಯಿಸಿ ನಾದುವುದು, ಬಿಸಿ ಬಿಸಿ ಹೂರಣ. ಈ ಮೂರನ್ನು ಬಿಟ್ಟರೆ ಮಿಕ್ಕದ್ದು ಸಲೀಸು.

ಏನೇನು ಬೇಕು

ಇದು ಸುಮಾರು 30 ಉಂಡೆಗೆ ಅಳತೆ. ಒಬ್ಬರಿಗೆ ಐದಾರು ಉಂಡೆ ಧಾರಾಳ ಸಾಕು.

ಹೂರಣಕ್ಕೆ:
- ಕರಿ ಎಳ್ಳು 100 ಗ್ರಾಂ
- ಸಕ್ಕರೆ 65 ಗ್ರಾಂ
- ಗಟ್ಟಿ ತುಪ್ಪ 65 ಗ್ರಾಂ
- ಉಪ್ಪು ಒಂದು ಚಿಟಿಕೆ

ಕಣಕಕ್ಕೆ:
- ಅಂಟಕ್ಕಿ ಹಿಟ್ಟು 250 ಗ್ರಾಂ, ಕೈಗೆ ಸವರಲು ಇನ್ನೊಂದಿಷ್ಟು
- ಉಗುರು ಬೆಚ್ಚಗಿನ ನೀರು 180 ರಿಂದ 200 ಎಂಎಲ್

ಪಾನಕಕ್ಕೆ, ಬೇಕೆನಿಸಿದರೆ ಮಾತ್ರ:
- ಬೆಲ್ಲ 80 ಗ್ರಾಂ
- ಹಸಿ ಶುಂಠಿ ಎರಡು ಇಂಚು
- ನೀರು 700 ಎಂಎಲ್

ಅಡುಗೆಮನೆಯ ತಕ್ಕಡಿ ಇದ್ದರೆ ಬಳಸಿ. ಕಪ್ಪಿನ ಅಳತೆಯಲ್ಲಿ ಈ ಹಿಟ್ಟು ಮೋಸ ಮಾಡುತ್ತದೆ. ಒತ್ತಿ ತುಂಬಿದರೆ ಒಂದು ತೂಕ, ಸುಮ್ನೆ ಸುರಿದರೆ ಇನ್ನೊಂದು.

ಹಿಟ್ಟಿನ ವಿಷಯದಲ್ಲಿ ರಾಜಿ ಇಲ್ಲ

ಅಕ್ಕಿಯ ಪಿಷ್ಟದಲ್ಲಿ ಎರಡು ಬಗೆ ಇದೆ: ಅಮೈಲೋಸ್ ಮತ್ತು ಅಮೈಲೋಪೆಕ್ಟಿನ್. ಅನ್ನ ಉದುರುದುರಾಗಿ ಬರುವುದು ಅಮೈಲೋಸ್‌ನಿಂದ. ಅಂಟಕ್ಕಿಯಲ್ಲಿ ಅಮೈಲೋಸ್ ಹೆಚ್ಚುಕಡಿಮೆ ಇಲ್ಲವೇ ಇಲ್ಲ, ಇರುವುದೆಲ್ಲ ಅಮೈಲೋಪೆಕ್ಟಿನ್. ಅದಕ್ಕೇ ಬೆಂದ ಮೇಲೆ ಅದು ಎಳೆದಷ್ಟೂ ಬರುತ್ತದೆ. ನಾವು ದಿನಾ ಉಣ್ಣುವ ಸೋನಾ ಮಸೂರಿಯ ಹಿಟ್ಟಿನಲ್ಲಿ ಟಾಂಗ್‌ಯುವಾನ್ ಮಾಡಿದರೆ ಕುದಿಯುವ ನೀರಿನಲ್ಲಿ ಉಂಡೆ ಬಿರುಕು ಬಿಟ್ಟು ಒಡೆಯುತ್ತದೆ. ಒಡೆಯದೆ ಉಳಿದರೂ ಅಗಿಯಲು ಗಟ್ಟಿ. ಇಡ್ಲಿ ಅಕ್ಕಿಯೂ ಆಗುವುದಿಲ್ಲ. ಮೈದಾ, ಜೋಳದ ಹಿಟ್ಟು ಬೆರೆಸಿದರೆ ನಡೆಯುತ್ತಾ ಅಂತ ಕೇಳುವವರಿದ್ದಾರೆ. ನಡೆಯುವುದಿಲ್ಲ.

ಪೊಟ್ಟಣದ ಮೇಲೆ 'ಗ್ಲುಟಿನಸ್ ರೈಸ್ ಫ್ಲೋರ್' ಅಂತ ಬರೆದಿರಬೇಕು. ಹೆಸರು ನೋಡಿ ಹೆದರಬೇಡಿ, ಗೋಧಿಯಲ್ಲಿರುವ ಗ್ಲುಟೆನ್ ಇದರಲ್ಲಿ ಇಲ್ಲ. ಬೆಂಗಳೂರಿನಲ್ಲಿ ಥಾಯ್, ಜಪಾನಿ ಅಡುಗೆ ಸಾಮಾನು ಮಾರುವ ಅಂಗಡಿಗಳಲ್ಲಿ ಸಿಗುತ್ತದೆ, ಆನ್‌ಲೈನ್‌ನಲ್ಲೂ ಸಿಗುತ್ತದೆ. ಥಾಯ್ಲೆಂಡಿನ ಎರವಾನ್ ಬ್ರ್ಯಾಂಡ್ ಸಿಕ್ಕರೆ ಬಣ್ಣ ನೋಡಿ ತೆಗೆದುಕೊಳ್ಳಿ. ಅದೇ ಆನೆ ಚಿತ್ರ ಇರುವ ಎರಡು ಪೊಟ್ಟಣ ಅಕ್ಕಪಕ್ಕ ಇರುತ್ತವೆ. ಹಸಿರು ಅಕ್ಷರದ್ದು ಅಂಟಕ್ಕಿ ಹಿಟ್ಟು, ಕೆಂಪಿನದು ಮಾಮೂಲಿ ಅಕ್ಕಿ ಹಿಟ್ಟು. ಅವಸರದಲ್ಲಿ ಕೆಂಪು ತಂದರೆ ದುಡ್ಡು ದಂಡ. ಜಪಾನಿನ ಮೋಚಿಕೋ ಕೂಡ ಆಗುತ್ತದೆ. ಶಿರತಮಾಕೋ ಇನ್ನೂ ನಯ, ಆದರೆ ಹರಳು ಹರಳಾಗಿರುತ್ತದೆ, ದುಬಾರಿ ಕೂಡ. ಅದಕ್ಕೆ ನೀರು ಹಾಕಿ ಕೈಯಲ್ಲಿ ಕಿವುಚಿ ಹರಳು ಕರಗಿಸಿಕೊಂಡು ಆಮೇಲೆ ನಾದಬೇಕು.

ಪೊಟ್ಟಣ ಸಿಗದಿದ್ದರೆ ಕೈಕಟ್ಟಿ ಕೂರಬೇಕಾಗಿಲ್ಲ. ನಿಂಗ್‌ಬೋದ ಹಳೇ ಪದ್ಧತಿಯೇ ಅಕ್ಕಿ ನೆನೆಸಿ, ನೀರು ಹಾಕಿ ಬೀಸುಕಲ್ಲಿನಲ್ಲಿ ರುಬ್ಬಿ, ಬಟ್ಟೆಯಲ್ಲಿ ಕಟ್ಟಿ ನೀರು ಇಳಿಸುವುದು. ಒಣ ಹಿಟ್ಟಿಗಿಂತ ಇದು ಬಹಳ ನಯ. ನಮ್ಮ ಮನೆಗಳಲ್ಲಿ ಗ್ರೈಂಡರ್ ಇದ್ದೇ ಇರುತ್ತದಲ್ವಾ, ಅದು ಸರಿಯಾಗಿ ಕೆಲಸಕ್ಕೆ ಬರುವುದು ಇಲ್ಲೇ. ಥಾಯ್ ಸ್ಟಿಕಿ ರೈಸ್ ಆಗಬಹುದು, ಈಶಾನ್ಯ ರಾಜ್ಯಗಳ ಸಾಮಾನು ಮಾರುವ ಅಂಗಡಿಯಲ್ಲಿ ಸಿಗುವ ಅಸ್ಸಾಮಿನ ಬೋರಾ ಅಕ್ಕಿಯೂ ಆಗಬಹುದು. ಮಣಿಪುರದ ಚಾಕ್‌ಹಾವ್ ಕಪ್ಪಕ್ಕಿಯೂ ಅಂಟಿನದೇ. ಆದರೆ ಅದರ ತೌಡು ನುಣ್ಣಗಾಗದೆ ಕಣಕ ತರಿತರಿಯಾಗುತ್ತದೆ, ಬಣ್ಣ ನೇರಳೆ ಬರುತ್ತದೆ. ಮೊದಲ ಸಲಕ್ಕೆ ಬೇಡ.

ಅಕ್ಕಿಯನ್ನು ರಾತ್ರಿಯಿಡೀ ನೆನೆಸಿ. ಬೇಸಿಗೆಯಾದರೆ ಪಾತ್ರೆ ಫ್ರಿಜ್‌ನಲ್ಲಿರಲಿ, ಇಲ್ಲದಿದ್ದರೆ ಹುಳಿ ವಾಸನೆ ಹಿಡಿಯುತ್ತದೆ. ಬೆಳಿಗ್ಗೆ ಹೊಸ ನೀರಲ್ಲಿ ತೊಳೆದು, ದೋಸೆ ಹಿಟ್ಟಿಗಿಂತ ನುಣ್ಣಗೆ ರುಬ್ಬಿ. ಎರಡು ಬೆರಳ ನಡುವೆ ಉಜ್ಜಿದರೆ ಒಂದು ತರಿಯೂ ಸಿಗಬಾರದು. ದಪ್ಪ ಪಂಚೆ ಬಟ್ಟೆಯಲ್ಲಿ ಕಟ್ಟಿ, ಜರಡಿ ಮೇಲಿಟ್ಟು, ಮೇಲೊಂದು ಭಾರ ಹೇರಿ. ನಾಲ್ಕೈದು ಗಂಟೆಯಲ್ಲಿ ನೀರು ಇಳಿದು ಹಿಟ್ಟು ಮುದ್ದೆಯಾಗುತ್ತದೆ. ಈ ಮುದ್ದೆಗೆ ಮತ್ತೆ ನೀರು ಬೇಕಾಗುವುದಿಲ್ಲ. ಕಣಕಕ್ಕೆ 450 ಗ್ರಾಂ ತೂಗಿ ಇಟ್ಟುಕೊಳ್ಳಿ.

ಹೂರಣ: ಹಿಂದಿನ ದಿನವೇ ಮಾಡಿಡಿ

ಎಳ್ಳು ಕೊಳ್ಳುವಾಗ ಒಂದು ಎಚ್ಚರ. ಉತ್ತರ ಕರ್ನಾಟಕದ ಅಂಗಡಿಗಳಲ್ಲಿ ಗುರೆಳ್ಳೂ ಕಪ್ಪಗೇ ಇರುತ್ತದೆ, ಹಳೇ ಮೈಸೂರಿನ ಕಡೆ ಅದನ್ನೇ ಹುಚ್ಚೆಳ್ಳು ಅನ್ನುತ್ತಾರೆ. ಚಟ್ನಿಪುಡಿಗೆ ಅದು ಬೊಂಬಾಟ್, ಇಲ್ಲಿಗೆ ಬೇಡ. ಗುರೆಳ್ಳಿನ ಕಾಳು ಉದ್ದ, ಸಪೂರ, ಹೊಳಪು ಜಾಸ್ತಿ. ಕರಿ ಎಳ್ಳು ಚಪ್ಪಟೆ, ಒಂದು ತುದಿ ಮೊನಚು. ನಮ್ಮಲ್ಲಿ ಕೆಲವು ಮನೆಗಳಲ್ಲಿ ಕರಿ ಎಳ್ಳು ಅಂದರೆ ತರ್ಪಣಕ್ಕೆ ಮತ್ತು ಶನಿದೇವರಿಗೆ; ಸಂಕ್ರಾಂತಿಗಾದರೆ ಬಿಳಿ ಎಳ್ಳೇ ಅನ್ನುವ ಲೆಕ್ಕ ಇದೆ. ಮನೆಯಲ್ಲಿ ಹಿರಿಯರು ಬೇಡ ಅಂದರೆ ಬಿಳಿ ಎಳ್ಳಲ್ಲೂ ಮಾಡಬಹುದು, ರುಚಿ ಕೆಡುವುದಿಲ್ಲ. ಕರಿ ಎಳ್ಳಿನ ಸಿಪ್ಪೆಯ ಆ ಸಣ್ಣ ಕಹಿ ಮಾತ್ರ ಸಿಗುವುದಿಲ್ಲ. ಸಕ್ಕರೆಯ ಸಿಹಿಯನ್ನು ಹದಕ್ಕೆ ತರುವುದು ಆ ಕಹಿಯೇ, ಹಾಗಾಗಿ ಬಿಳಿ ಎಳ್ಳಿಗೆ ಸಕ್ಕರೆ 10 ಗ್ರಾಂ ಕಡಿಮೆ ಹಾಕಿ.

ಬಿಡಿ ಎಳ್ಳಿನಲ್ಲಿ ಮಣ್ಣು ಇರುತ್ತದೆ. ನೀರಿಗೆ ಹಾಕಿ ಕದಡಿ, ಮೇಲೆ ಬಂದ ಎಳ್ಳನ್ನು ಜರಡಿಗೆ ಸೋಸಿಕೊಳ್ಳಿ. ಮರಳು ತಳದಲ್ಲೇ ಉಳಿಯುತ್ತದೆ. ಒಂದೇ ಒಂದು ಮರಳಿನ ಕಣ ಹಲ್ಲಿಗೆ ಸಿಕ್ಕರೆ ಇಡೀ ಬಟ್ಟಲು ಕೆಟ್ಟ ಹಾಗೆ. ಬಟ್ಟೆ ಮೇಲೆ ಹರಡಿ ಒಣಗಿಸಿ.

ಹುರಿಯುವುದು ಸಣ್ಣ ಉರಿಯಲ್ಲಿ, ದಪ್ಪ ತಳದ ಬಾಣಲೆಯಲ್ಲಿ. ಕಪ್ಪು ಕಾಳು ಹುರಿದದ್ದು, ಸೀದದ್ದು ಕಣ್ಣಿಗೆ ಗೊತ್ತಾಗುವುದಿಲ್ಲ. ಅದಕ್ಕೆ ಸುಲಭದ ಉಪಾಯ ಇದೆ: ಅರ್ಧ ಚಮಚ ಬಿಳಿ ಎಳ್ಳು ಜೊತೆಗೆ ಹಾಕಿ. ಬಿಳಿ ಕಾಳು ತಿಳಿ ಹೊಂಬಣ್ಣಕ್ಕೆ ಬಂದಾಗ ಕರಿ ಎಳ್ಳೂ ಆಗಿದೆ ಅಂತ. ಅಷ್ಟು ಹೊತ್ತಿಗೆ ಚಟಪಟ ಸದ್ದು ಬಂದಿರುತ್ತದೆ, ಪರಿಮಳ ಎದ್ದಿರುತ್ತದೆ. ಒಂದು ಕಾಳನ್ನು ಬೆರಳಲ್ಲಿ ಒತ್ತಿದರೆ ಪುಡಿಯಾಗಬೇಕು. ಐದಾರು ನಿಮಿಷದ ಕೆಲಸ. ತಕ್ಷಣ ತಟ್ಟೆಗೆ ಸುರಿಯಿರಿ, ಬಾಣಲೆಯಲ್ಲೇ ಬಿಟ್ಟರೆ ಅದರ ಬಿಸಿಗೇ ಸೀಯುತ್ತದೆ. ಸೀದ ಎಳ್ಳಿನ ಕಹಿಯನ್ನು ಎಷ್ಟು ಸಕ್ಕರೆ ಹಾಕಿದರೂ ಮುಚ್ಚಲು ಆಗುವುದಿಲ್ಲ.

ಪೂರ್ತಿ ಆರಿದ ಮೇಲೆ ಮಿಕ್ಸಿಯ ಸಣ್ಣ ಜಾರಿಗೆ ಎಳ್ಳು, ಸಕ್ಕರೆ, ಉಪ್ಪು ಹಾಕಿ. ಒಂದೇ ಸಮ ತಿರುಗಿಸಬೇಡಿ. ನಿಲ್ಲಿಸಿ ನಿಲ್ಲಿಸಿ, ನಡುವೆ ಕೆದಕಿ, ಪುಡಿ ಮಾಡಿ. ಸಕ್ಕರೆ ಜೊತೆಗಿದ್ದರೆ ಎಳ್ಳು ಬೇಗ ಎಣ್ಣೆ ಬಿಟ್ಟು ಗಂಟಾಗುವುದಿಲ್ಲ. ಒದ್ದೆ ಮರಳಿನ ಹದಕ್ಕೆ ಬಂದರೆ ಸಾಕು. ಅದಕ್ಕೆ ತುಪ್ಪ ಹಾಕಿ ಚಮಚದಲ್ಲಿ ಕಲಸಿ.

ಇಲ್ಲಿ ತುಪ್ಪ ರುಚಿಗೆ ಮಾತ್ರ ಅಲ್ಲ. ಹಂದಿ ಕೊಬ್ಬು ತಣ್ಣಗಿರುವಾಗ ಗಟ್ಟಿ, ಬಿಸಿಗೆ ನೀರು. ಹೂರಣ ಗಟ್ಟಿಯಾಗಿದ್ದಾಗ ತುಂಬಲು ಸಲೀಸು, ಬೆಂದಾಗ ಒಳಗೇ ಕರಗಿ ಹರಿಯುತ್ತದೆ. ತುಪ್ಪಕ್ಕೂ ಇದೇ ಗುಣ ಇದೆ. ಬೆಣ್ಣೆಯೂ ಆಗುತ್ತದೆ, ಆದರೆ ಅದರಲ್ಲಿ ನೀರಿನ ಅಂಶ ಇರುತ್ತದೆ, ಉಪ್ಪಿಲ್ಲದ ಬೆಣ್ಣೆಯನ್ನೇ ಹುಡುಕಬೇಕು. ತುಪ್ಪ ತಿನ್ನದವರು ಕೊಬ್ಬರಿ ಎಣ್ಣೆ ಹಾಕಬಹುದು. ಅದು 24 ಡಿಗ್ರಿ ಆಸುಪಾಸಿಗೇ ಕರಗಲು ಶುರುವಾಗುತ್ತದೆ, ಕೈ ಚುರುಕಾಗಿರಬೇಕು. ಕಡಲೆಕಾಯಿ ಎಣ್ಣೆ, ಸೂರ್ಯಕಾಂತಿ ಎಣ್ಣೆ ಫ್ರಿಜ್‌ನಲ್ಲಿ ಗಟ್ಟಿಯಾಗಿ ನಿಲ್ಲುವುದಿಲ್ಲ, ಅವನ್ನು ಬಿಡಿ.

ಸಕ್ಕರೆ ಬದಲು ಬೆಲ್ಲ ಹಾಕೋಣ ಅಂತ ಯಾರಿಗಾದರೂ ಅನಿಸುತ್ತದೆ. ಬೆಲ್ಲದಲ್ಲಿ ತೇವ ಇದೆ, ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತದೆ. ಹೂರಣ ಜಿನುಗಿ ಕಣಕ ನೆನೆಯುತ್ತದೆ. ಹಾಕಲೇಬೇಕು ಅಂದರೆ ಒಣ ಬೆಲ್ಲದ ಪುಡಿ ಹಾಕಿ.

ಕಲಸಿದ ಹೂರಣವನ್ನು ಅರ್ಧ ಗಂಟೆ ಫ್ರೀಜರ್‌ನಲ್ಲಿಡಿ. ಸ್ವಲ್ಪ ಗಟ್ಟಿಯಾದ ಮೇಲೆ 7 ಗ್ರಾಂ ತೂಕದ ಚಿಕ್ಕ ಉಂಡೆ ಕಟ್ಟಿ, ಅಂದರೆ ಒಂದು ಟೀ ಚಮಚಕ್ಕಿಂತ ತುಸು ಜಾಸ್ತಿ. ತಟ್ಟೆಯಲ್ಲಿ ಬಿಡಿಬಿಡಿಯಾಗಿ ಜೋಡಿಸಿ ಮತ್ತೆ ಫ್ರೀಜರ್‌ಗೆ. ಕನಿಷ್ಠ ಎರಡು ಗಂಟೆ, ರಾತ್ರಿಯಿಡೀ ಇಟ್ಟರೆ ಇನ್ನೂ ಒಳ್ಳೆಯದು. ನೆಲಕ್ಕೆ ಬಿದ್ದರೆ ಗೋಲಿಯಂತೆ ಟಣ್ ಅನ್ನಬೇಕು.

ಕಣಕ: ಪೂರ್ತಿ ಬೇಯಿಸಬೇಡಿ, ಒಂದು ತುಂಡು ಬೇಯಿಸಿ

ಕಡುಬಿಗೆ ನಾವು ಕುದಿಯುವ ನೀರಿಗೆ ಹಿಟ್ಟು ಹಾಕಿ ತೊಳಸುತ್ತೇವೆ. ಅಂಟಕ್ಕಿ ಹಿಟ್ಟಿಗೆ ಹಾಗೆ ಮಾಡಿದರೆ ಗೋಂದು. ಸೌಟು, ಪಾತ್ರೆ, ಕೈ, ಎಲ್ಲಕ್ಕೂ ಹತ್ತಿಕೊಳ್ಳುತ್ತದೆ. ಹಾಗಂತ ಬರೀ ತಣ್ಣೀರಲ್ಲಿ ಕಲಸಿದರೆ ಹಿಟ್ಟಿಗೆ ಹಿಡಿತ ಇರುವುದಿಲ್ಲ. ಗೋಧಿ ಹಿಟ್ಟಿನ ಹಾಗೆ ನಾದಿದಷ್ಟೂ ಬಿಗಿಯಾಗಲು ಇದರಲ್ಲಿ ಗ್ಲುಟೆನ್ ಇಲ್ಲ. ತಟ್ಟಿದರೆ ಅಂಚು ಸೀಳುತ್ತದೆ.

ಚೀನೀ ಅಡುಗೆಯವರ ದಾರಿ ಇವೆರಡರ ನಡುವಿನದು. ಹಿಟ್ಟಿನ ಒಂದು ಸಣ್ಣ ಪಾಲನ್ನು ಮಾತ್ರ ಬೇಯಿಸಿ, ಅದನ್ನು ಹಸಿ ಹಿಟ್ಟಿಗೆ ಸೇರಿಸಿ ನಾದುತ್ತಾರೆ. ಬೆಂದ ಪಿಷ್ಟ ಹಸಿ ಹಿಟ್ಟನ್ನು ಹಿಡಿದು ನಿಲ್ಲಿಸುತ್ತದೆ. ಕಣಕಕ್ಕೆ ಎಳೆ ಬರುತ್ತದೆ, ತಟ್ಟಿದರೆ ಸೀಳುವುದಿಲ್ಲ.

ಅಗಲ ಬೋಗುಣಿಗೆ 250 ಗ್ರಾಂ ಹಿಟ್ಟು ಹಾಕಿ. 180 ಎಂಎಲ್ ಬೆಚ್ಚಗಿನ ನೀರನ್ನು ಮೂರು ಸಲಕ್ಕೆ ಹಾಕುತ್ತಾ ಕಲಸಿ. ಮೊದಲು ಪುಡಿಪುಡಿಯಾಗಿ ಕಾಣುತ್ತದೆ, ಒತ್ತಿದರೆ ಕೂಡಿಕೊಳ್ಳುತ್ತದೆ. ಅದರಿಂದ ಸುಮಾರು 50 ಗ್ರಾಂ ಮುರಿದು, ತೆಳ್ಳಗೆ ಬಿಲ್ಲೆ ತಟ್ಟಿ, ಕುದಿಯುವ ನೀರಿಗೆ ಬಿಡಿ. ಎರಡು ಮೂರು ನಿಮಿಷದಲ್ಲಿ ಮೇಲೆ ತೇಲಿ, ಅರೆ ಪಾರದರ್ಶಕವಾಗುತ್ತದೆ. ನಡುವೆ ಬಿಳಿ ಚುಕ್ಕೆ ಉಳಿದಿದ್ದರೆ ಇನ್ನೊಂದು ನಿಮಿಷ ಬಿಡಿ. ತೆಗೆದು ಹಸಿ ಹಿಟ್ಟಿನ ಮೇಲಿಟ್ಟು, ಮೊದಲು ಮರದ ಚಮಚದಲ್ಲಿ ಕುತ್ತಿ ಬೆರೆಸಿ. ಬಿಸಿ ಇಳಿದ ಮೇಲೆ ಕೈ ಹಾಕಿ. ಈ ಬಿಲ್ಲೆ ಅಂಟಿಕೊಂಡು ಸುಡುತ್ತದೆ, ಅವಸರ ಬೇಡ.

ಐದಾರು ನಿಮಿಷ ನಾದಿ. ಬೆಂದ ಹಿಟ್ಟಿನ ಗಂಟು ಒಂದೂ ಉಳಿಯಬಾರದು. ಹದ ಹೇಗೆ ನೋಡುವುದು? ಒಂದು ಚಿಕ್ಕ ಉಂಡೆ ಮಾಡಿ ಹೆಬ್ಬೆರಳಿಂದ ಒತ್ತಿ. ಅಂಚು ನುಣ್ಣಗಿದ್ದರೆ ಸರಿ. ಬಿರುಕು ಬಂದರೆ ಒಂದು ಚಮಚ ನೀರು ಚಿಮುಕಿಸಿ ನಾದಿ, ಮತ್ತೆ ನೋಡಿ. ಬೆರಳಿಗೆ ಅಂಟಿ ಬಂದರೆ ಒಂದು ಚಮಚ ಹಿಟ್ಟು ಸೇರಿಸಿ. ಹಿಟ್ಟು ಎಷ್ಟು ಹಳೆಯದು, ಯಾವ ಬ್ರ್ಯಾಂಡಿನದು ಅನ್ನುವುದರ ಮೇಲೆ ನೀರು ಹೆಚ್ಚುಕಮ್ಮಿ ಆಗುತ್ತದೆ. ಅದಕ್ಕೇ 180 ರಿಂದ 200 ಎಂಎಲ್ ಅಂದದ್ದು, ಆ 20 ಎಂಎಲ್ ಕೊನೆಗೆ ಉಳಿಸಿಕೊಳ್ಳಿ. ತುಸು ಮೆತ್ತಗಿನ ಕಡೆಗೇ ಇರಲಿ, ಒಣ ಕಣಕವೇ ಎಲ್ಲ ತಾಪತ್ರಯಕ್ಕೂ ಮೂಲ.

ಮನೆಯಲ್ಲಿ ರುಬ್ಬಿ ಹಿಂಡಿದ ಹಿಟ್ಟಾದರೂ ಇದೇ ಕ್ರಮ. ಮುದ್ದೆಯಿಂದ 50 ಗ್ರಾಂ ತೆಗೆದು ಬೇಯಿಸಿ ಬೆರೆಸಿ. ಒದ್ದೆ ಬಟ್ಟೆ ಮುಚ್ಚಿ ಕಾಲು ಗಂಟೆ ಬಿಡಿ.

ತುಂಬುವುದು

ಕಣಕವನ್ನು 14 ಗ್ರಾಂ ತುಂಡುಗಳಾಗಿ ಮಾಡಿ. ಹೂರಣದ ಎರಡು ಪಟ್ಟು ತೂಕ, ಇದೇ ಸುರಕ್ಷಿತ ಅಳತೆ. ಕೈ ಪಳಗಿದ ಮೇಲೆ ಕಣಕ ಇನ್ನೂ ತೆಳ್ಳಗೆ ಮಾಡಬಹುದು.

ಹೂರಣದ ಉಂಡೆಗಳನ್ನು ಎಲ್ಲ ಒಟ್ಟಿಗೆ ಹೊರಗೆ ತೆಗೆಯಬೇಡಿ. ಮಂಗಳೂರಿನ ಸೆಕೆಯಲ್ಲೋ ಕಲಬುರಗಿಯ ಬಿಸಿಲಲ್ಲೋ ತುಪ್ಪದ ಹೂರಣ ನೋಡನೋಡುತ್ತಲೇ ಬೆವರುತ್ತದೆ. ಒಂದು ಸಲಕ್ಕೆ ಏಳೆಂಟು ತೆಗೆಯಿರಿ.

ಕಣಕದ ತುಂಡನ್ನು ಅಂಗೈಯಲ್ಲಿ ಉರುಟು ಮಾಡಿ, ನಡುವೆ ಹೆಬ್ಬೆರಳು ಒತ್ತಿ ಗುಳಿ ಮಾಡಿ. ಬೆರಳಿಂದ ತಿರುಗಿಸುತ್ತಾ ಬಟ್ಟಲು ಮಾಡಿ. ತಳ ಸ್ವಲ್ಪ ದಪ್ಪ ಇರಲಿ, ಅಂಚು ತೆಳು. ಮುಚ್ಚುವಾಗ ಅಂಚುಗಳು ಒಂದರ ಮೇಲೊಂದು ಬಂದು ಅಲ್ಲೂ ದಪ್ಪವಾಗುತ್ತದೆ, ಎರಡೂ ಕಡೆ ಸಮ ಆಗುವುದು ಹೀಗೆ. ಹೂರಣ ಇಟ್ಟು, ಎಡಗೈಯ ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಹಿಡಿದು, ಬಲಗೈಯಲ್ಲಿ ತಿರುಗಿಸುತ್ತಾ ಅಂಚನ್ನು ನಿಧಾನವಾಗಿ ಮೇಲಕ್ಕೆ ತನ್ನಿ. ಗಾಳಿ ಒಳಗೆ ಸಿಕ್ಕಿಕೊಳ್ಳಬಾರದು. ಸಿಕ್ಕಿಕೊಂಡ ಗಾಳಿ ಕುದಿಯುವಾಗ ಹಿಗ್ಗಿ ಉಂಡೆಯನ್ನು ಒಡೆಯುತ್ತದೆ. ಕಣಕವನ್ನು ಹೂರಣಕ್ಕೆ ಒತ್ತಿಕೊಂಡೇ ಮುಚ್ಚಿ. ಬಾಯಿ ಚಿವುಟಿ, ಮಿಕ್ಕ ಮೂತಿ ಉಳಿದರೆ ಕಿತ್ತುಬಿಡಿ. ಕಡುಬಿನ ಹಾಗೆ ಮೊಗ್ಗು, ಮಡಿಕೆ ಏನೂ ಬೇಡ. ಅಂಗೈಗಳ ನಡುವೆ ಹಗುರವಾಗಿ ಉರುಳಿಸಿದರೆ ಮುಚ್ಚಿದ ಗುರುತೂ ಕಾಣುವುದಿಲ್ಲ.

ಮೇಲ್ಮೈ ಒಣಗಿ ಬಿರುಕು ಕಂಡರೆ ಬೆರಳ ತುದಿಗೆ ಒಂದು ಹನಿ ನೀರು ಮುಟ್ಟಿಸಿ ಸವರಿ. ಹೂರಣದ ಎಣ್ಣೆ ಅಂಚಿಗೆ ತಾಗಿದರೆ ಮಾತ್ರ ಏನು ಮಾಡಿದರೂ ಅಂಟುವುದಿಲ್ಲ. ಆ ಅಂಚನ್ನು ಚಿವುಟಿ ತೆಗೆದು ಬೇರೆ ಹಿಟ್ಟಿನ ತೇಪೆ ಹಾಕಿ. ಹೂರಣ ಮುಟ್ಟಿದ ಕೈಯನ್ನು ಪ್ರತಿ ಸಲ ಒರೆಸಿಕೊಳ್ಳುವುದೇ ಇದಕ್ಕೆ ಒಳ್ಳೆ ಮದ್ದು. ಬಿಳಿ ಉಂಡೆಗೆ ಕರಿ ಬೆರಳಚ್ಚೂ ಬೀಳುವುದಿಲ್ಲ.

ಆದ ಉಂಡೆಗಳನ್ನು ಹಿಟ್ಟು ಉದುರಿಸಿದ ತಟ್ಟೆಯಲ್ಲಿ, ಒದ್ದೆ ಬಟ್ಟೆಯಡಿ ಇಡಿ. ಬಟ್ಟೆ ಉಂಡೆಗೆ ತಾಗಬಾರದು.

ಬೇಯಿಸುವುದು

ಅಗಲ ಪಾತ್ರೆ, ಧಾರಾಳ ನೀರು. ಹತ್ತು ಹನ್ನೆರಡು ಉಂಡೆಗೆ ಎರಡು ಲೀಟರ್. ನೀರು ಕಮ್ಮಿಯಾದರೆ ಉಂಡೆ ಬಿದ್ದ ಕೂಡಲೇ ಕುದಿ ನಿಲ್ಲುತ್ತದೆ, ತಳ ಹಿಡಿಯುತ್ತದೆ.

ನೀರು ತಳಮಳ ಕುದಿಯುವಾಗ ಸೌಟಿನ ಹಿಂಭಾಗದಿಂದ ಒಂದು ಸುತ್ತು ತಿರುಗಿಸಿ, ಆ ಸುಳಿಗೆ ಉಂಡೆಗಳನ್ನು ಒಂದೊಂದಾಗಿ ಬಿಡಿ. ಮೊದಲ ಒಂದು ನಿಮಿಷ ಸೌಟಿನ ಹಿಂಭಾಗದಿಂದಲೇ ತಳವನ್ನು ಮೆಲ್ಲಗೆ ಸವರುತ್ತಿರಿ. ಸೌಟಿನ ಅಂಚು ತಾಗಿಸಬೇಡಿ. ಮೂರು ನಾಲ್ಕು ನಿಮಿಷಕ್ಕೆ ಉಂಡೆಗಳು ಮೇಲೇಳುತ್ತವೆ. ಬಹಳ ಜನ ಇಲ್ಲಿಗೆ ಮುಗಿಯಿತು ಅಂದುಕೊಳ್ಳುತ್ತಾರೆ. ಇಲ್ಲ. ಕಣಕ ಬೆಂದಿರಬಹುದು, ಒಳಗಿನ ಹೂರಣ ಇನ್ನೂ ಗಟ್ಟಿ.

ಈಗ ಒಂದು ಲೋಟ ತಣ್ಣೀರು ಹಾಕಿ, ಉರಿ ಇಳಿಸಿ. ಕುದಿ ತಣಿಯುತ್ತದೆ, ಹೊರಗಿನ ಪದರ ಹರಿಯುವುದಿಲ್ಲ, ಒಳಕ್ಕೆ ಬಿಸಿ ಹೋಗಲು ಸಮಯ ಸಿಗುತ್ತದೆ. ಮತ್ತೆ ಸಣ್ಣ ಕುದಿ ಬರಲಿ. ಉಂಡೆಗಳು ಉಬ್ಬಿ, ಹೊಳಪು ಬಂದು, ನೀರಲ್ಲಿ ತಾವಾಗೇ ಹೊರಳುತ್ತವೆ. ತೇಲಿದ ಮೇಲೆ ಇನ್ನೂ ಎರಡು ಮೂರು ನಿಮಿಷ ಅಂತ ಲೆಕ್ಕ ಇಟ್ಟುಕೊಳ್ಳಿ. ಫ್ರೀಜರ್‌ನಿಂದ ತೆಗೆದದ್ದಾದರೆ ಒಟ್ಟು ಎಂಟು ಹತ್ತು ನಿಮಿಷ ಬೇಕು, ತಣ್ಣೀರು ಎರಡು ಸಲ ಹಾಕಿ. ಅನುಮಾನ ಇದ್ದರೆ ಒಂದನ್ನು ತೆಗೆದು ಕತ್ತರಿಸಿ ನೋಡಿ. ಮಾಡಿದವರಿಗೆ ಆ ಒಂದು ತಿನ್ನುವ ಹಕ್ಕು ಇದ್ದೇ ಇದೆ.

ನೀರು ಕಪ್ಪಾಗಿ ತಿರುಗಿದರೆ ಎಲ್ಲೋ ಒಂದು ಒಡೆದಿದೆ. ಅದನ್ನು ಹುಡುಕಿ ತೆಗೆಯಿರಿ, ಉಳಿದವನ್ನು ಬೇರೆ ಬಿಸಿ ನೀರಿಗೆ ವರ್ಗಾಯಿಸಿ. ಎಲ್ಲವೂ ಒಡೆಯುತ್ತಿದ್ದರೆ ಉರಿ ಜಾಸ್ತಿ, ಇಲ್ಲವೇ ಕಣಕ ಒಣ.

ಬಟ್ಟಲಿಗೆ

ನಿಂಗ್‌ಬೋ ಶೈಲಿಯಲ್ಲಿ ಬಿಸಿ ನೀರಿನ ಜೊತೆ ಕೊಡುವುದು ರೂಢಿ. ಮೇಲೆ ಒಣಗಿಸಿದ ಪರಿಮಳದ ಓಸ್ಮಾಂತಸ್ ಹೂವನ್ನು ಉದುರಿಸುತ್ತಾರೆ. ನೀರು ಸಪ್ಪೆ ಅಲ್ವಾ ಅನಿಸಬಹುದು. ಆದರೆ ಹೂರಣ ಇಷ್ಟು ಸಿಹಿ, ಇಷ್ಟು ಜಿಡ್ಡು ಇರುವಾಗ ಆ ಸಪ್ಪೆ ನೀರೇ ನಾಲಿಗೆಯನ್ನು ತೊಳೆಯುತ್ತದೆ. ಮೊದಲ ಸಲ ಹಾಗೇ ತಿಂದು ನೋಡಿ. ಬೇಯಿಸಿದ ನೀರು ಹಿಟ್ಟಾಗಿ ಮಂದವಾಗಿದ್ದರೆ ಬೇರೆ ಬಿಸಿ ನೀರು ಹಾಕಿಕೊಳ್ಳಿ.

ಚಳಿಗೆ ಶುಂಠಿ ಪಾನಕ ಚೆನ್ನ. ಚೀನಾದಲ್ಲೂ ಕಬ್ಬಿನ ಕಂದು ಸಕ್ಕರೆಯನ್ನು ಶುಂಠಿ ಜೊತೆ ಕುದಿಸುತ್ತಾರೆ, ನಮ್ಮ ಬೆಲ್ಲಕ್ಕೆ ಅದು ಹತ್ತಿರದ ನಂಟು. ಜಜ್ಜಿದ ಶುಂಠಿಯನ್ನು 700 ಎಂಎಲ್ ನೀರಲ್ಲಿ ಕಾಲು ಗಂಟೆ ಕುದಿಸಿ, ಬೆಲ್ಲ ಕರಗಿಸಿ, ಸೋಸಿ. ಏಲಕ್ಕಿ ಹಾಕುವ ಆಸೆ ಬರುತ್ತದೆ. ಹಾಕಿದರೆ ಎಳ್ಳಿನ ಪರಿಮಳ ಹಿಂದೆ ಸರಿಯುತ್ತದೆ, ನನಗೇನೋ ಬೇಡ ಅನಿಸುತ್ತದೆ. ಉಂಡೆಗಳನ್ನು ನೀರಲ್ಲೇ ಬೇಯಿಸಿ ಆಮೇಲೆ ಪಾನಕಕ್ಕೆ ಹಾಕಿ. ಪಾನಕದಲ್ಲೇ ಬೇಯಿಸಿದರೆ ಅದು ಕಲಕಲಾಗುತ್ತದೆ.

ತಿನ್ನುವಾಗ ಎರಡು ಜಾಗ್ರತೆ. ಕರಗಿದ ಹೂರಣ ಕೆಂಡದಷ್ಟು ಬಿಸಿ ಇರುತ್ತದೆ. ಇಡೀ ಉಂಡೆ ಬಾಯಿಗೆ ಹಾಕದೆ ಚಮಚದಲ್ಲೇ ಸಣ್ಣದಾಗಿ ಕಚ್ಚಿ, ಆರಿಸಿಕೊಂಡು ತಿನ್ನಿ. ಇನ್ನೊಂದು ಇದಕ್ಕಿಂತ ಮುಖ್ಯ. ಅಂಟಿನ ಉಂಡೆ ಗಂಟಲಿಗೆ ಸಿಕ್ಕಿಕೊಳ್ಳುವ ಅಪಾಯ ಇದೆ. ಪುಟ್ಟ ಮಕ್ಕಳಿಗೆ ಕೊಡಬೇಡಿ. ವಯಸ್ಸಾದವರಿಗೆ, ಹಲ್ಲಿಲ್ಲದವರಿಗೆ ಸಣ್ಣ ಸಣ್ಣ ತುಂಡು ಮಾಡಿ ಕೊಡಿ, ಪಕ್ಕದಲ್ಲೇ ಇರಿ. ಹೊಟ್ಟೆಗೂ ಇದು ಭಾರ, ರಾತ್ರಿ ಊಟದ ಮೇಲೆ ಹತ್ತು ತಿಂದರೆ ನಿದ್ದೆ ಬರುವುದಿಲ್ಲ.

ಉಳಿದರೆ

ಬೆಂದ ಉಂಡೆ ಇಡಲು ಬರುವುದಿಲ್ಲ. ಆರಿದರೆ ಗಟ್ಟಿ, ನೀರಲ್ಲಿ ಬಿಟ್ಟರೆ ಪಿಚಿಪಿಚಿ. ತಿನ್ನುವಷ್ಟೇ ಬೇಯಿಸಿ, ಮಿಕ್ಕದ್ದನ್ನು ಹಸಿಯಾಗಿಯೇ ಫ್ರೀಜ್ ಮಾಡಿ. ಹಿಟ್ಟು ಉದುರಿಸಿದ ತಟ್ಟೆಯಲ್ಲಿ ಒಂದಕ್ಕೊಂದು ತಾಗದ ಹಾಗೆ ಇಟ್ಟು, ಕಲ್ಲಿನಂತಾದ ಮೇಲೆ ಜಿಪ್ ಚೀಲಕ್ಕೆ ಹಾಕಿ ಗಾಳಿ ತೆಗೆಯಿರಿ. ಒಂದು ತಿಂಗಳು ಧೈರ್ಯವಾಗಿ ಇಡಬಹುದು. ಕರಗಿಸದೆ ಸೀದಾ ಕುದಿಯುವ ನೀರಿಗೆ ಬಿಡಬೇಕು. ಕರಗಿದರೆ ಕಣಕ ಒದ್ದೆಯಾಗಿ ತಟ್ಟೆಗೆ ಅಂಟಿ ಹರಿಯುತ್ತದೆ.

ಮನೆಯ ಫ್ರೀಜರ್ ನಿಧಾನ. ನಿಧಾನಕ್ಕೆ ಹೆಪ್ಪುಗಟ್ಟಿದರೆ ಕಣಕದೊಳಗೆ ದೊಡ್ಡ ಮಂಜಿನ ಹರಳು ಬೆಳೆದು ಬಿರುಕು ಬಿಡುತ್ತದೆ. ಚೀನಾದ ಝೆಂಗ್‌ಝೌ ನಗರದಲ್ಲಿ ಚೆನ್ ಝೆಮಿನ್ ಅಂತ ಒಬ್ಬ ಶಸ್ತ್ರಚಿಕಿತ್ಸಕ ಈ ತೊಂದರೆಯ ಬೆನ್ನು ಹತ್ತಿದರು. 1990ರ ದಶಕದ ಆರಂಭದಲ್ಲಿ, ದೊಡ್ಡ ಹರಳು ಕಟ್ಟುವ ಮೊದಲೇ ಉಂಡೆ ಗಟ್ಟಿಯಾಗುವಷ್ಟು ವೇಗವಾಗಿ ತಣಿಸುವ ಯಂತ್ರ ಮಾಡಿಕೊಂಡು, ವೈದ್ಯಕೀಯ ಬಿಟ್ಟು ಸಾನ್‌ಚುವಾನ್ ಅನ್ನುವ ಕಂಪನಿಯನ್ನೇ ಕಟ್ಟಿದರು. ಇವತ್ತು ಚೀನಾದಲ್ಲಿ ಬಹಳ ಮನೆಗಳಿಗೆ ಟಾಂಗ್‌ಯುವಾನ್ ಬರುವುದು ಇಂಥ ಪೊಟ್ಟಣದಲ್ಲೇ. ನಮಗೆ ಆ ಯಂತ್ರ ಇಲ್ಲ. ಆದರೆ ಫ್ರೀಜರನ್ನು ಮೊದಲೇ ಅತಿ ತಂಪಿಗೆ ತಿರುಗಿಸಿಟ್ಟು, ಸ್ಟೀಲ್ ತಟ್ಟೆಯನ್ನು ಒಳಗೆ ಕೊರೆಯಲು ಬಿಟ್ಟು, ಒಂದು ಸಲಕ್ಕೆ ಕಮ್ಮಿ ಉಂಡೆ ಇಟ್ಟರೆ ಬಿರುಕು ಬಹಳಷ್ಟು ತಪ್ಪುತ್ತದೆ. ಕಣಕ ನಾದುವಾಗ ಒಂದು ಚಮಚ ಎಣ್ಣೆ ಸೇರಿಸಿದರೂ ಅನುಕೂಲ.

ಬೇರೆ ಹೂರಣಗಳು

ಕಡಲೆಕಾಯಿ ಹೂರಣ ಚೀನಾದಲ್ಲಿ ಎಳ್ಳಿನಷ್ಟೇ ಮಾಮೂಲಿ. ಹುರಿದು ಸಿಪ್ಪೆ ತೆಗೆದ 100 ಗ್ರಾಂ ಶೇಂಗಾ, 60 ಗ್ರಾಂ ಸಕ್ಕರೆ, 50 ಗ್ರಾಂ ತುಪ್ಪ. ಪೂರ್ತಿ ನುಣ್ಣಗೆ ಬೇಡ, ಅಲ್ಲಲ್ಲಿ ಹಲ್ಲಿಗೆ ಸಿಗುವ ಹಾಗಿರಲಿ. ಕೆಂಪು ಕಾಳಿನ ಹೂರಣಕ್ಕೆ ಅವರು ಅಡ್ಜುಕಿ ಕಾಳು ಬಳಸುತ್ತಾರೆ. ಸಿಗದಿದ್ದರೆ ಕೆಂಪು ಅಲಸಂದೆ ಆಗುತ್ತದೆ. ಬೇಯಿಸಿ ರುಬ್ಬಿ, ಸಕ್ಕರೆ ಹಾಕಿ, ಹೋಳಿಗೆ ಹೂರಣಕ್ಕಿಂತ ಗಟ್ಟಿಯಾಗುವವರೆಗೆ ಬಾಣಲೆಯಲ್ಲಿ ಮಗುಚಿ. ಇದು ಹರಿಯುವುದಿಲ್ಲ, ಮೆತ್ತಗೆ ಇರುತ್ತದೆ.

ಕಾಯಿ ಬೆಲ್ಲದ ಹೂರಣ ತುಂಬಬಹುದಾ? ತೇವ ಪೂರ್ತಿ ಆರಿಸಿ, ಫ್ರೀಜ್ ಮಾಡಿದರೆ ಆಗುತ್ತದೆ. ಆದರೆ ಕಾಯಿ ಬೆಲ್ಲಕ್ಕೆ ಇದಕ್ಕಿಂತ ಒಳ್ಳೆ ದಾರಿ ಇಂಡೋನೇಷ್ಯಾದ ಕ್ಲೆಪೋನ್. ಇದೇ ಅಂಟಕ್ಕಿ ಹಿಟ್ಟು, ಹಸಿರು ಬಣ್ಣಕ್ಕೆ ಪಂಡನ್ ಎಲೆಯ ರಸ, ಒಳಗೆ ಬರೀ ತಾಳೆ ಜಾತಿಯ ಮರದ ಬೆಲ್ಲದ ಚೂರು. ಬೇಯಿಸಿ ತೆಗೆದ ಕೂಡಲೇ ಚಿಟಿಕೆ ಉಪ್ಪು ಬೆರೆಸಿದ ಕಾಯಿತುರಿಯಲ್ಲಿ ಹೊರಳಿಸುತ್ತಾರೆ. ದಕ್ಷಿಣ ಕನ್ನಡದ ಓಲೆ ಬೆಲ್ಲ ಸಿಕ್ಕರೆ ಇದಕ್ಕೆ ಹೇಳಿ ಮಾಡಿಸಿದ್ದು. ಬೆಲ್ಲವನ್ನು ಪುಡಿ ಮಾಡದೆ ಕಡಲೆಕಾಳಿನ ಗಾತ್ರದ ಚೂರಾಗಿ ಕತ್ತರಿಸಿ, ಒಂದು ಉಂಡೆಗೆ ಎರಡು ಮೂರು ಚೂರು ಇಡಿ. ಇಲ್ಲಿ ತುಪ್ಪ ಬೇಡ, ಫ್ರೀಜರ್ ಬೇಡ. ಉಂಡೆ ಟಾಂಗ್‌ಯುವಾನ್‌ಗಿಂತ ಸಣ್ಣದಿರಲಿ, ಒಂದೇ ತುತ್ತಿಗೆ ಬಾಯಿ ಮುಚ್ಚಿ ಕಚ್ಚಬೇಕು. ಅರ್ಧ ಕಚ್ಚಿದರೆ ಕರಗಿದ ಬೆಲ್ಲ ಎದುರಿಗೆ ಕೂತವರ ಅಂಗಿಗೆ ಹಾರುತ್ತದೆ. ಹಾಗಾಗಿ ತಿನ್ನುವ ಮೊದಲು ಹತ್ತು ನಿಮಿಷ ಆರಲು ಬಿಡಿ.